ಮಿಸ್‌ಗೆ ಹಿಡಿಸದ ಎರಡನೆಯ ಭಾಗ

ನಮ್ಮ ಮಿಸ್‌ಗೆ ಎರಡನೆಯ ಭಾಗ ಎಂದರೆ ಆಗುತ್ತಿರಲಿಲ್ಲ. ಸಿನಿಮಾ ಇರಲಿ, ಟೀವಿ ಧಾರಾವಾಹಿ ಇರಲಿ, ತಟ್ಟೆಗೆ ಬೀಳುವ ಉಪ್ಪಿಟ್ಟಿನ ಎರಡನೆಯ ಸೌಟೇ ಇರಲಿ, ಕೈ ಅಡ್ಡ ಹಿಡಿಯುತ್ತಿದ್ದರು. “ಮೊದಲನೇದು ಹಸಿವಿಗೆ, ಎರಡನೇದು ಆಸೆಗೆ ಕಣಮ್ಮ. ಆಸೆಗೆ ಮಾಡಿದ್ದು ರುಚಿ ಇರಲ್ಲ” ಎನ್ನುತ್ತಿದ್ದರು. ಕೇಳಿದವರು ಇದೇನೋ ದೊಡ್ಡ ವೇದಾಂತ ಅಂದುಕೊಳ್ಳುತ್ತಿದ್ದರು. ವೇದಾಂತವೂ ಇಲ್ಲ, ಮಣ್ಣೂ ಇಲ್ಲ. ಅದರ ಹಿಂದೆ ಇದ್ದದ್ದು ಒಂದು ವಿಡಿಯೊ ಗೇಮ್. ನನಗೆ ಅದು ಗೊತ್ತು, ಯಾಕೆಂದರೆ ಆ ಆಟದಲ್ಲಿ ಅವರ ಜೊತೆಗಾರಳು ನಾನೇ.

ಹೋದ ತಿಂಗಳು ಕೆ.ಆರ್. ಪುರದಿಂದ ಅವರ ತಂಗಿ ಫೋನ್ ಮಾಡಿದರು. “ಅಕ್ಕ ಹೋಗ್ಬಿಟ್ರಮ್ಮ. ಕಾಫಿ ಕುಡಿದು ಲೋಟ ಕೆಳಗಿಟ್ರು, ಅಷ್ಟೆ” ಎಂದರು. ನನಗೆ ಅಳು ಬಂತು. ಆದರೆ ಕಣ್ಣು ಮುಚ್ಚಿದಾಗ ಮೊದಲು ಕಂಡದ್ದು ಮಿಸ್ ಮುಖವಲ್ಲ, ಟೀವಿ ಪರದೆಯ ಬಲ ಅಂಚಿನಲ್ಲಿ ನಿಂತಲ್ಲೇ ಕುಪ್ಪಳಿಸುತ್ತಿದ್ದ ಕೆಂಪು ಚಡ್ಡಿಯ ಒಬ್ಬ ಪುಟ್ಟ ಸಿಪಾಯಿ. ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಅವರನ್ನು ನೆನೆಯಲು ಇದಕ್ಕಿಂತ ಸರಿಯಾದ ರೀತಿ ಇಲ್ಲ ಎಂದು ಈಗ ಅನ್ನಿಸುತ್ತದೆ.

ಮಿಸ್ ಹಲಸೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಮದುವೆಯಾಗಿ, ಗಂಡ ತೀರಿಹೋಗಿ, ತಲೆ ಪೂರ್ತಿ ನರೆತಿದ್ದರೂ ಅವರು ಮಿಸ್ಸೇ. ಕಂಟೋನ್ಮೆಂಟ್ ಕಡೆ ಪಾಠ ಹೇಳುವ ಹೆಂಗಸರೆಲ್ಲ ಮಿಸ್, ಅದಕ್ಕೆ ವಯಸ್ಸಿಲ್ಲ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಇನ್‌ಸ್ಟಿಟ್ಯೂಟ್. ಗಿರಣಿ ಓಡಲು ಶುರುವಾದರೆ ನಮ್ಮ ಬೆಂಚುಗಳು ಸಣ್ಣಗೆ ನಡುಗುತ್ತಿದ್ದವು. ಟೈಪ್‌ರೈಟರುಗಳ ಮೇಲೆ ರಾಗಿ ಹಿಟ್ಟಿನ ದೂಳು ಕೂರುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಮಿಸ್ ಒಂದೊಂದೇ ಯಂತ್ರವನ್ನು ಹಳೆಯ ಸೀರೆಯ ತುಂಡಿನಿಂದ ಒರೆಸಿ, “ಎದ್ದಾ? ಏಳು ಏಳು” ಎಂದು ಮಾತಾಡಿಸುತ್ತಿದ್ದರು. ಮನೆಯಲ್ಲಿ ತಮಿಳು, ಗಿರಣಿಯವನ ಜೊತೆ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಯಾವ ಭಾಷೆಯಲ್ಲಿ ಬೈದರೂ ಕೊನೆಗೆ ತಮಿಳಿನ ಮುದ್ದಿನ ಒಂದು ‘ಕಣ್ಣಾ’ ಸೇರಿಸುತ್ತಿದ್ದುದರಿಂದ ಯಾರಿಗೂ ನಾಟುತ್ತಿರಲಿಲ್ಲ.

ಅವರದು ಒಂದು ವಿಚಿತ್ರ ಪದ್ಧತಿ. ಬೇರೆ ಇನ್‌ಸ್ಟಿಟ್ಯೂಟುಗಳಲ್ಲಿ ಯಾರ ಪಾಡಿಗೆ ಅವರು ಕುಟ್ಟಿಕೊಂಡು ಹೋಗುತ್ತಾರೆ. ಇಲ್ಲಿ ಹಾಗಲ್ಲ. ಮಿಸ್ ಒಂದು ಮರದ ಅಡಿಕೋಲು ಹಿಡಿದು ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಒಂದು ತಟ್ಟಿಗೆ ಒಂದು ಅಕ್ಷರ. ಇಡೀ ಸಾಲು ಒಂದೇ ಹಾಳೆಯನ್ನು ಒಂದೇ ಲಯದಲ್ಲಿ ಹೊಡೆಯಬೇಕು. ಲಯ ಯಾರದು? ಆ ಬ್ಯಾಚಿನಲ್ಲಿ ಯಾರ ಕೈ ಎಲ್ಲರಿಗಿಂತ ನಿಧಾನವೋ ಅವರದು. ಅವರು ಚುರುಕಾದಂತೆ ತಾಳವೂ ಚುರುಕಾಗುತ್ತಿತ್ತು. ಹೀಗಾಗಿ ಪ್ರತಿ ಸಾಲಿನ ಕೊನೆಗೆ ಅಷ್ಟೂ ಟೈಪ್‌ರೈಟರುಗಳ ಗಂಟೆ ಒಟ್ಟಿಗೇ ‘ಟಿಣ್’ ಎನ್ನುತ್ತಿತ್ತು. ಆ ಸದ್ದಿಗೆ ಮಿಸ್ ಅರೆಕ್ಷಣ ಕಣ್ಣು ಮುಚ್ಚುತ್ತಿದ್ದರು, ಮಂಗಳಾರತಿ ಹೊತ್ತಿನಲ್ಲಿ ಮುಚ್ಚುವಂತೆ.

ಚುರುಕು ಕೈಯವರಿಗೆ ಇದು ಸೇರುತ್ತಿರಲಿಲ್ಲ. ರಾಯಚೂರು ಕಡೆಯ ಒಬ್ಬ ಹುಡುಗ ಬರುತ್ತಿದ್ದ. ಹಲಸೂರಿನಲ್ಲೇ ಬಾಡಿಗೆ ರೂಮು, ದೊಮ್ಮಲೂರಿನ ಒಂದು ಆಫೀಸಿನಲ್ಲಿ ಸೆಕ್ಯೂರಿಟಿ ಕೆಲಸ, ಬೆರಳು ಮಾತ್ರ ಮಿಂಚು. ಅವನು ಒಂದು ದಿನ ಎದ್ದು ನಿಂತು, “ಮಿಸ್, ನಾ ಎಷ್ಟಂತ ಇವ್ರ ಸಲುವಾಗಿ ಕಾಯ್ಲಿರೀ? ಮುಂದಿನ ಪಾಠಕ್ಕ ಹೋಗ್ತೀನ್ರಿ” ಎಂದ. ‘ಇವ್ರು’ ಎಂದರೆ ನಾನು.

ಮಿಸ್ ತಾಳ ನಿಲ್ಲಿಸದೆಯೇ, “ಏನಪ್ಪಾ, ಬಸ್ಸಲ್ಲಿ ಮುಂದಿನ ಸೀಟಿನೋರು ಮೊದಲು ಶಿವಾಜಿನಗರ ಮುಟ್ತಾರಾ? ಕೂತ್ಕೊ ಕಣ್ಣಾ” ಎಂದರು. ಅವನು ನಕ್ಕು ಕೂತ.

ನನ್ನ ಕಥೆ ಇಷ್ಟು. ಅಪ್ಪ ವಿಮಾ ಕಚೇರಿಯಲ್ಲಿದ್ದರು. ಸರ್ವೀಸಿನಲ್ಲಿ ಇರುವಾಗಲೇ ತೀರಿಕೊಂಡರು. ಅನುಕಂಪದ ಮೇಲೆ ನನಗೆ ಅಲ್ಲೇ ಟೈಪಿಸ್ಟ್ ಕೆಲಸ ಕೊಟ್ಟರು, ಆದರೆ ಕಚೇರಿ ನಡೆಸುವ ಟೈಪಿಂಗ್ ಪರೀಕ್ಷೆ ಪಾಸು ಮಾಡಬೇಕೆಂಬ ಷರತ್ತಿನ ಮೇಲೆ. ಎರಡು ಅವಕಾಶ. ಎರಡರಲ್ಲೂ ನಪಾಸಾದರೆ ಕೆಲಸವೂ ಇಲ್ಲ, ನಾನೂ ಅಮ್ಮನೂ ಇದ್ದ ದೊಮ್ಮಲೂರಿನ ಸ್ಟಾಫ್ ಕ್ವಾರ್ಟರ್ಸೂ ಇಲ್ಲ. ನನಗೆ ಅಕ್ಷರಗಳ ಜಾಗ ಗೊತ್ತಿತ್ತು, ಬೆರಳು ಓಡುತ್ತಿತ್ತು. ಆದರೆ ಒಂದು ಅಕ್ಷರ ತಪ್ಪಿದರೆ ಸಾಕು, ಕೈ ಕಲ್ಲಾಗುತ್ತಿತ್ತು. ತಪ್ಪಿದ ಅಕ್ಷರವನ್ನೇ ನೋಡುತ್ತ ಕೂತುಬಿಡುತ್ತಿದ್ದೆ. “ಆಗಿದ್ದು ಆಯ್ತು, ಮುಂದೆ ಹೊಡಿ” ಎಂದು ಮಿಸ್ ಎಷ್ಟು ಸಲ ಹೇಳಿದರೂ ಆಗುತ್ತಿರಲಿಲ್ಲ. ಆಫೀಸಿಗೆ ಮುಂಚೆ ಒಮ್ಮೆ, ಆಫೀಸು ಬಿಟ್ಟ ಮೇಲೆ ಒಮ್ಮೆ ಬಂದು, ಬ್ಯಾಚ್ ಮುಗಿದ ಮೇಲೂ ನಾನೊಬ್ಬಳೇ ಉಳಿದು ಕುಟ್ಟುತ್ತಿದ್ದೆ.

ಆ ದಿನಗಳಲ್ಲಿ ಊರ ತುಂಬ ಕಂಪ್ಯೂಟರ್ ಮಾತು. ಇಂದಿರಾನಗರದಲ್ಲಿ ಗಾಜಿನ ಬಾಗಿಲಿನ ಕಂಪ್ಯೂಟರ್ ಸೆಂಟರುಗಳು ಎದ್ದಿದ್ದವು. ನಮ್ಮ ಬ್ಯಾಚುಗಳು ತೆಳುವಾಗತೊಡಗಿದವು. ಮಿಸ್ ಹೆದರುವವರಲ್ಲ. ಒಂದು ದಿನ ಪೇಂಟರ್‌ನನ್ನು ಕರೆಸಿ ಮೆಟ್ಟಿಲ ಬಳಿಯ ಬೋರ್ಡಿನಲ್ಲಿ ‘ಕಂಪ್ಯೂಟರ್ ಸಹ ಕಲಿಸಲಾಗುವುದು’ ಎಂದು ಬರೆಸಿದರು. ಬರೆಸಿ ಆದ ಮೇಲೆ ಕಂಪ್ಯೂಟರ್ ತರಲು ಹೊರಟರು. ಎಲ್ಲಿಗೆ? ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ. ತರಕಾರಿ, ಹೂವು, ಹಿತ್ತಾಳೆ ಪಾತ್ರೆ ಎಲ್ಲವನ್ನೂ ಅವರು ತರುತ್ತಿದ್ದುದು ಅಲ್ಲಿಂದಲೇ, ಇದೊಂದನ್ನು ಬೇರೆ ಕಡೆ ಯಾಕೆ ಹುಡುಕಬೇಕು? ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ರೇಡಿಯೊ, ಟಾರ್ಚು, ವಿದೇಶಿ ಗಡಿಯಾರ ಮಾರುವ ಒಬ್ಬ ಭಾಯ್ ಇದ್ದ. ಅವನು ಒಂದು ಪೆಟ್ಟಿಗೆ ತೋರಿಸಿ, “ಮೇಡಮ್, ಫುಲ್ ಕಂಪ್ಯೂಟರ್. ಕೀಬೋರ್ಡ್ ಅದೆ, ನಿಮ್ ಟೀವಿಗೆ ಹಾಕಿ, ಆಯ್ತು” ಎಂದನಂತೆ. ಕೀಲಿಗಳನ್ನು ಒತ್ತಿ ನೋಡಿದರೆ ಅಕ್ಷರಗಳೆಲ್ಲ ಟೈಪ್‌ರೈಟರಿನ ಜಾಗದಲ್ಲೇ ಇದ್ದವು. ಮಿಸ್‌ಗೆ ಅಷ್ಟು ಸಾಕಾಯಿತು.

ಇನ್‌ಸ್ಟಿಟ್ಯೂಟಿಗೆ ತಂದು ಹಳೆಯ ಟೀವಿಗೆ ಜೋಡಿಸಿದೆವು. ಯಾವ ಯಂತ್ರ ಬಂದರೂ ವಿದ್ಯಾರ್ಥಿಗಳಿಗೆ ಕೊಡುವ ಮುಂಚೆ ತಾವೇ ಕೂತು ಪರೀಕ್ಷಿಸುವುದು ಮಿಸ್ ನಿಯಮ. ಪೆಟ್ಟಿಗೆಯ ನೆತ್ತಿಯಲ್ಲೊಂದು ಸಂದು. ಅದಕ್ಕೆ ಸಿಕ್ಕಿಸಲು ಬಿಸ್ಕತ್ತಿನ ಪೊಟ್ಟಣದಷ್ಟು ದೊಡ್ಡ ಎರಡು ಕ್ಯಾಸೆಟ್. ಒಂದನ್ನು ಹಾಕಿದರೆ ಆಕಾಶದಿಂದ ಅಕ್ಷರಗಳು ಉದುರುತ್ತಿದ್ದವು, ನೆಲಕ್ಕೆ ಬೀಳುವ ಮುಂಚೆ ಆ ಕೀಲಿ ಒತ್ತಬೇಕು. “ಪರವಾಗಿಲ್ಲ” ಎಂದರು. ಇನ್ನೊಂದನ್ನು ಹಾಕಿದರೆ ಢಮಾರ್ ಎಂದು ಸದ್ದಾಗಿ ಬಂದೂಕು ಹಿಡಿದ ಇಬ್ಬರು ಸಿಪಾಯಿಗಳು ಎದ್ದು ನಿಂತರು, ಒಬ್ಬನದು ಕೆಂಪು ಚಡ್ಡಿ, ಇನ್ನೊಬ್ಬನದು ನೀಲಿ. ಆಗ ಮಿಸ್‌ಗೆ ಅನುಮಾನ ಬಂತು. “ಏನಮ್ಮ, ಕಂಪ್ಯೂಟರ್ ಅಂದ್ರೆ ಇದೇನಾ?”

“ಇದು ಟೀವಿ ಗೇಮ್ ಮಿಸ್. ಮಕ್ಕಳು ಆಡೋದು” ಎಂದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೋರ್ಡ್ ಬರೆಸಿ ಆಗಿತ್ತು. “ಸರಿ ಬಿಡು. ತಂದಿದ್ದೀವಲ್ಲ, ಟೆಸ್ಟ್ ಮಾಡ್ಲೇಬೇಕು. ಇಬ್ರು ಬೇಕಂತೆ. ಕೂತ್ಕೊ.”

ಹೀಗೆ ನಾನು ನೀಲಿ, ಅವರು ಕೆಂಪು. ಇಬ್ಬರೂ ಪರದೆಯಲ್ಲಿ ಎಡದಿಂದ ಬಲಕ್ಕೆ ಓಡುತ್ತ ಹೋಗಬೇಕು. ಕಾಡು, ಸೇತುವೆ, ಜಲಪಾತ, ಎದುರಿಗೆ ಬಂದವರಿಗೆಲ್ಲ ಗುಂಡು. ಮಿಸ್ ಶುಕ್ರವಾರ ತಪ್ಪದೆ ಸೋಮೇಶ್ವರನ ಗುಡಿಗೆ ಹೋಗುವವರು, ಇರುವೆಯನ್ನು ಸೆರಗಿನಿಂದ ಸರಿಸುವವರು. ಗುಂಡು ತಗುಲಿ ಒಬ್ಬೊಬ್ಬ ಬಿದ್ದಾಗಲೂ “ಪಾಪ” ಎನ್ನುತ್ತಿದ್ದರು. ಆಟ ಬಿಗಿಯಾದಾಗ ಪಾಪಗಳೂ ಬಿಗಿಯಾಗಿ, “ಪಾಪ, ಪಾಪ, ಪಾಪಪಾಪಪಾಪ” ಎಂದು ಮೆಷಿನ್ ಗನ್ನಿನ ಹಾಗೇ ಕೇಳಿಸುತ್ತಿತ್ತು. ಆದರೆ ಬೆರಳು ಮಾತ್ರ ಎತ್ತುತ್ತಿರಲಿಲ್ಲ.

ನಾನು ಇಲ್ಲಿಯೂ ಅದೇ ನಾನು. ಒಂದು ಗುಂಡು ತಗುಲಿದರೆ ನಿಂತುಬಿಡುತ್ತಿದ್ದೆ. ಮಿಸ್ ಬಲ ಅಂಚಿನವರೆಗೆ ಓಡಿಹೋದರು. ಅಲ್ಲಿ ಅವರ ಸಿಪಾಯಿ ಗೋಡೆಗೆ ಮುಖ ಕೊಟ್ಟವನಂತೆ ಓಡುತ್ತಲೇ ಇದ್ದ, ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲಿಲ್ಲ. ನಾನು ಎಡ ಅಂಚಿನಲ್ಲಿ ಇರುವವರೆಗೆ ಪರದೆ ಸರಿಯುವುದಿಲ್ಲ ಎಂದು ನಮಗೆ ಆಮೇಲೆ ಹೊಳೆಯಿತು. ನಾನು ನಾಲ್ಕು ಹೆಜ್ಜೆ ಬಂದೆ, ಪರದೆ ನಾಲ್ಕು ಹೆಜ್ಜೆ ಸರಿಯಿತು.

ಮಿಸ್ ಮುಖ ನೋಡಬೇಕಿತ್ತು! ಅಕ್ಕಿ ಡಬ್ಬಿಯೊಳಗೆ ತಾವು ಕಳೆದುಕೊಂಡ ಉಂಗುರ ಸಿಕ್ಕವರ ಹಾಗೆ ಅರಳಿತು. “ನೋಡಿದ್ಯಾ? ನೋಡಿದ್ಯಾ? ಇದನ್ನ ಮಾಡಿದೋನು ಯಾವನೋ, ಟೈಪಿಂಗ್ ಮೇಷ್ಟ್ರ ಮಗ ಇರ್ಬೇಕು!” ಅಂದಿನಿಂದ ಅದು ಇನ್‌ಸ್ಟಿಟ್ಯೂಟಿನ ಅಧಿಕೃತ ಆಟವಾಯಿತು. ಪಾಠದ ಕೊನೆಗೆ ಬೆರಳಿಗೆ ರಜೆ ಎಂದು ಹೆಸರಿಟ್ಟು ಜೋಡಿ ಜೋಡಿಯಾಗಿ ಆಡಿಸುತ್ತಿದ್ದರು. ಬ್ಯಾಚುಗಳು ಮತ್ತೆ ತುಂಬಿದವು, ಆ ಬೋರ್ಡನ್ನು ಓದಿ ಬಂದವರು ಯಾರೂ ಕಂಪ್ಯೂಟರ್ ಎಲ್ಲಿ ಎಂದು ಕೇಳಲಿಲ್ಲ. ನಾನು ಹಿಂದೆ ಬಿದ್ದಾಗಲೆಲ್ಲ ಮಿಸ್ ಬಲ ಅಂಚಿನಲ್ಲಿ ನಿಂತು ತಮ್ಮ ಕೆಂಪು ಸಿಪಾಯಿ ಸುಮ್ಮನೆ ಕುಪ್ಪಳಿಸುವಂತೆ ಮಾಡುತ್ತಿದ್ದರು. “ಬಾ ಬಾ, ಇಲ್ಲೇ ಇದ್ದೀನಿ” ಎಂದು ಅದರ ಅರ್ಥ.

ಒಂದು ಸಂಜೆ ಅಮ್ಮ ನನಗೆ ಛತ್ರಿ ಕೊಡಲು ಬಂದಳು. ಮೆಟ್ಟಿಲ ಮೇಲೆಯೇ ಅವಳಿಗೆ ಗುಂಡಿನ ಸದ್ದು, ಬಾಂಬಿನ ಸದ್ದು, ನಡುವೆ ಯಾರೋ ಹೆಂಗಸು “ಪಾಪ ಪಾಪ” ಎನ್ನುವುದು ಕೇಳಿಸಿತು. ಒಳಗೆ ಬಂದು ಬಾಗಿಲಲ್ಲೇ ನಿಂತಳು. “ಅಲ್ರೀ ಮಿಸ್, ಮಗಳು ಟೈಪಿಂಗ್ ಕಲೀತಾಳೆ, ಕೆಲಸ ಉಳೀತದೆ ಅಂತ ಕಳ್ಸಿದ್ರೆ, ಇಲ್ಲಿ ಯುದ್ಧ ಮಾಡಿಸ್ತಿದ್ದೀರಲ್ರೀ!”

ಮಿಸ್ ಕಣ್ಣು ತೆಗೆಯದೆ, “ಬನ್ನಿ ಕೂತ್ಕೊಳ್ಳಿ. ನಿಮ್ಮ ಮಗಳು ತಪ್ಪು ಮಾಡೋದು ಕಲೀತಿದ್ದಾಳೆ” ಎಂದರು.

“ತಪ್ಪು ಮಾಡೋಕೆ ಫೀಸ್ ಕೊಡ್ಬೇಕಾ?”

“ತಪ್ಪು ಮಾಡಿ ಮುಂದೆ ಹೋಗೋಕೆ ರೀ. ಅದು ಅವಳಿಗೆ ಬರಲ್ಲ.”

ಅಮ್ಮ ಗೊಣಗುತ್ತ ಕೂತಳು. ಮಿಸ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಕಾಫಿ ಅರ್ಧ ಮುಗಿಯುವ ಹೊತ್ತಿಗೆ, “ಏ, ಮೇಲೆ ನೋಡೆ, ಮೇಲಿಂದ ಬಂದ! ಹೊಡಿಯೇ ಅವನಿಗೆ!” ಎಂದು ಕೂಗುತ್ತಿದ್ದವಳು ನಮ್ಮಮ್ಮನೇ. ಅಪ್ಪ ಹೋದ ಮೇಲೆ ಅವಳ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಬಂದದ್ದು ಅದೇ ಮೊದಲು.

ಮೊದಲ ಪರೀಕ್ಷೆ ಬಂತು. ನಾನು ನಪಾಸಾದೆ.

ಮಾರನೆಯ ದಿನ ಇನ್‌ಸ್ಟಿಟ್ಯೂಟಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಮಿಸ್ ಪಕ್ಕಕ್ಕೆ ಬಂದು, “ಏನಾಯ್ತು ಕಣ್ಣಾ? ನಿನ್ನ ಸ್ಪೀಡ್ ಸಾಕಿತ್ತಲ್ಲ?” ಎಂದರು.

“ಎಲ್ಲರ ಗಂಟೆ ನನಗಿಂತ ಮುಂಚೆ ಹೊಡೀತು ಮಿಸ್” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಇಲ್ಲಿ ನಾವೆಲ್ಲ ಒಟ್ಟಿಗೆ ಸಾಲು ಮುಗಿಸುತ್ತಿದ್ದೆವು. ಪರೀಕ್ಷೆಯ ಹಾಲಿನಲ್ಲಿ ತಾಳ ಹಾಕುವವರಿಲ್ಲ. ಶುರುವಾದ ಕೂಡಲೇ ಅಲ್ಲೊಂದು ಟಿಣ್, ಇಲ್ಲೊಂದು ಟಿಣ್. ನನ್ನದು ಇನ್ನೂ ಅರ್ಧ ಸಾಲು. ಎಲ್ಲರೂ ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ ಅನ್ನಿಸಿತು. ಗಾಬರಿಯಲ್ಲಿ ಒಂದು ಅಕ್ಷರ ತಪ್ಪಿತು, ಕೈ ನಿಂತಿತು, ಮತ್ತೆ ಏಳಲಿಲ್ಲ.

ಆ ಸಂಜೆಯ ಬ್ಯಾಚಿಗೆ ಮಿಸ್ ತಾಳ ಹಾಕುವಾಗ ಗಂಟೆಗಳು ಎಂದಿನಂತೆ ಒಟ್ಟಿಗೇ ಹೊಡೆದವು, ಆದರೆ ಅವರು ಕಣ್ಣು ಮುಚ್ಚಲಿಲ್ಲ. ನನಗೆ ಉಳಿದದ್ದು ಒಂದೇ ಅವಕಾಶ ಎಂಬುದು ಅವರಿಗೂ ಗೊತ್ತಿತ್ತು.

ನನ್ನ ಬೇಸರ ಕಳೆಯಲೆಂದೇ ಇರಬೇಕು, ಆ ವಾರ ಶಿವಾಜಿನಗರಕ್ಕೆ ಹೋಗಿ ಆಟದ ಎರಡನೆಯ ಭಾಗ ತಂದರು. ಅದು ಬರುತ್ತದೆಂದು ಭಾಯ್ ತಿಂಗಳುಗಟ್ಟಲೆ ಆಸೆ ತೋರಿಸಿದ್ದ. ನಾವೂ ಕಾದಿದ್ದೆವು. ಮೊದಲನೆಯದರ ಪ್ರತಿ ಪೊದೆ, ಪ್ರತಿ ಹಳ್ಳ ಬಾಯಿಪಾಠವಾಗಿತ್ತು, ಹೊಸ ಕಾಡು ಹೇಗಿರುತ್ತದೋ ಎಂದು ಕುತೂಹಲ. ಮಿಸ್ ಅವತ್ತು ಪಾಠವನ್ನೇ ಬೇಗ ಮುಗಿಸಿದರು. ಮನೆಯಿಂದ ಕಡಲೆಕಾಳಿನ ಸುಂಡಲ್ ಮಾಡಿ ತಂದಿದ್ದರು. ಕ್ಯಾಸೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಸಂದಿಗೆ ಸಿಕ್ಕಿಸಿದರು. ನಾನು ನೀಲಿ, ಅವರು ಕೆಂಪು, ಸುತ್ತ ಇಡೀ ಬ್ಯಾಚು.

ಚಿತ್ರ ಚೆನ್ನಾಗಿತ್ತು. ಮೊದಲನೆಯದಕ್ಕಿಂತ ಬಣ್ಣ ಹೆಚ್ಚು, ಸಿಪಾಯಿಗಳು ದೊಡ್ಡವರು, ಆಕಾಶದಲ್ಲಿ ಮೋಡಗಳು. ಆದರೆ ಗುಂಡಿಗೆ ಸದ್ದಿಲ್ಲ, ನೆಗೆತಕ್ಕೆ ಜೀವವಿಲ್ಲ, ರಾಕ್ಷಸನಂತೆ ಬಂದವನು ನಾಲ್ಕು ಏಟಿಗೆ ಪುಸ್ಸೆಂದ. ಅದನ್ನೂ ಸಹಿಸಬಹುದಿತ್ತು. ನಾನು ಒಂದು ಹಳ್ಳದ ಮುಂದೆ ತಡವರಿಸಿದೆ. ಮಿಸ್ ಎಂದಿನ ಧೈರ್ಯದಲ್ಲಿ ಬಲ ಅಂಚಿಗೆ ಓಡಿದರು. ಪರದೆ ನಿಲ್ಲಲಿಲ್ಲ. ಅದು ಅವರ ಜೊತೆಗೇ ಹೊರಟುಹೋಯಿತು, ನಾನು ಎಡ ಅಂಚಿನಾಚೆ ಮರೆಯಾದೆ. ‘ಟುಸ್’ ಎಂದು ನನ್ನ ಒಂದು ಜೀವ ಕಳೆಯಿತು.

“ಅಯ್ಯೋ, ಎಲ್ಲಿ ಹೋದೆ?” ಎಂದು ಮಿಸ್ ಟೀವಿ ಬಿಟ್ಟು ನನ್ನ ಮುಖ ನೋಡಿದರು.

ಮತ್ತೆ ಆಡಿದೆವು. ಮತ್ತೆ ಹಾಗೇ. ಅವರು ಬೇಕೆಂದೇ ನಿಂತರೂ ಆ ಪರದೆ ತಾನಾಗಿಯೇ ನಿಧಾನಕ್ಕೆ ತೆವಳುತ್ತಿತ್ತು. ರಾಯಚೂರಿನ ಹುಡುಗನೇ ಮೊದಲು ಬಾಯಿ ಬಿಟ್ಟ. “ಇದು ನಿಂದ್ರಂಗೇ ಇಲ್ರೀ ಮಿಸ್. ಬ್ಯಾರೇ ಯಾವ್ದೋ ಆಟಕ್ಕ ಅದೇ ಹೆಸರು ಹಚ್ಚ್ಯಾರ. ನಮ್ಮ ಹಳೇದೇ ಬೇಸಿತ್ತು.” ನಿಧಾನದವರಿಗಾಗಿ ಕಾಯಲಾರೆ ಎಂದವನೇ ಅವನು! ಎಲ್ಲರೂ ಸುಂಡಲ್ ತಿಂದು ಎದ್ದುಹೋದರು. “ಬಣ್ಣ ಜಾಸ್ತಿ, ಉಪ್ಪೇ ಇಲ್ಲ” ಎಂದರು ಮಿಸ್. ಸುಂಡಲ್ ಬಗ್ಗೆ ಅಲ್ಲ.

ಮಾರನೆಯ ದಿನ ನನ್ನನ್ನೂ ಎಳೆದುಕೊಂಡು ಭಾಯ್ ಅಂಗಡಿಗೆ ಹೋದರು. ಕ್ಯಾಸೆಟ್ ಅವನ ಮುಂದೆ ಕುಕ್ಕಿ, “ಕೈಕು ಝೂಟ್ ಬೋಲೆ ಭಾಯ್? ಯಾಕೆ ಸುಳ್ಳು ಹೇಳಿದ್ರಿ? ಇದು ಪಾರ್ಟ್ ಟೂ ಅಲ್ಲ. ಹಿಂದೆ ಇರೋರಿಗೆ ಪರದೆ ನಿಲ್ಲೋದೇ ಇಲ್ಲ” ಎಂದು ಜಗಳಕ್ಕೆ ನಿಂತರು. ಕ್ಯಾಸೆಟ್ ಮೇಲಿದ್ದ ಕುಂಕುಮ ನೋಡಿ ಅವನು ಹೌಹಾರಿದ. ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ.

“ಆಟ ಠೀಕೇ ಅದೆ ಮೇಡಮ್. ಜಮಾನಾ ಐಸಾ ಹೈ. ಕೌನ್ ಕಿಸ್ಕು ರುಕ್ತಾ ಆಜ್‌ಕಲ್?”

ಈಗಿನ ಕಾಲದಲ್ಲಿ ಯಾರು ಯಾರಿಗಾಗಿ ನಿಲ್ಲುತ್ತಾರೆ ಎಂದು ಅವನು ಕೇಳಿದ್ದು. ಮಿಸ್ ಕ್ಯಾಸೆಟ್ ಚೀಲಕ್ಕೆ ಹಾಕಿಕೊಂಡು ಹೊರಟರು. ಬಸ್ಸಿನಲ್ಲಿ ಹಲಸೂರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಮಾರನೆಯ ಬೆಳಿಗ್ಗೆ ಯಂತ್ರಗಳನ್ನು ಒರೆಸಿದರು, ಎಬ್ಬಿಸಿದರು. ಆಮೇಲೆ ಅಡಿಕೋಲನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. ನನ್ನನ್ನು ಚುರುಕು ಕೈಯವರ ನಡುವೆ ಕೂರಿಸಿದರು, ಒಂದು ಪಕ್ಕಕ್ಕೆ ರಾಯಚೂರಿನ ಹುಡುಗ. “ಇವತ್ತು ತಾಳ ಇಲ್ಲ. ಅವರವರ ಸ್ಪೀಡಲ್ಲಿ ಹೊಡೀರಿ” ಎಂದರು. ಆ ಮಹಡಿಯಲ್ಲಿ ಮೊದಲ ಸಲ ಗಂಟೆಗಳು ಚೆಲ್ಲಾಪಿಲ್ಲಿಯಾಗಿ ಹೊಡೆದವು. ಒಂದೊಂದು ಟಿಣ್‌ಗೂ ನಾನು ಬೆಚ್ಚುತ್ತಿದ್ದೆ. ಮಿಸ್ ಕಿಟಕಿಯ ಬಳಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ನನಗಿಂತ ಹೆಚ್ಚು ಹಿಂಸೆ ಅವರಿಗೇ ಆಗುತ್ತಿತ್ತು ಎಂದು ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಿದ್ದು ಒಂದೇ, ಮಿಸ್ ನನ್ನನ್ನು ಕೈಬಿಟ್ಟರು ಅಂತ.

ಸಂಜೆ ಎರಡನೆಯ ಭಾಗ ಹಾಕಿ, ಬಾ ಎಂದರು. ಆಟ ಶುರುವಾಯಿತು. ಕೆಂಪು ಸಿಪಾಯಿ ಹಿಂತಿರುಗಿಯೂ ನೋಡದೆ ಓಡಿದ. ನಾನು ಬಿದ್ದೆ. ಮತ್ತೆ ಓಡಿದ, ಮತ್ತೆ ಬಿದ್ದೆ. ಕಣ್ಣಲ್ಲಿ ನೀರು ಬಂದು, “ನಿಲ್ಲಿ ಮಿಸ್” ಎಂದೆ.

“ನಿಲ್ಲಲ್ಲ.”

“ನೀವೇ ಇದು ಕೆಟ್ಟ ಆಟ ಅಂದ್ರಿ.”

“ಕೆಟ್ಟ ಆಟನೇ. ನಿನ್ನ ಪರೀಕ್ಷೆನೂ ಕೆಟ್ಟ ಆಟನೇ ಕಣಮ್ಮ. ಅಲ್ಲೂ ಯಾರೂ ನಿಲ್ಲಲ್ಲ. ನಾನು ನಿಂತು ನಿಂತು ನಿನ್ನ ಕೆಡಿಸಿದೆ.” ಆಮೇಲೆ ಪರದೆಯತ್ತ ಬೆರಳು ತೋರಿಸಿದರು. “ಅಳೋದು ಆಮೇಲೆ. ನೀನು ಬಿದ್ಮೇಲೆ ಏನಾಗತ್ತೆ ಅಂತ ಒಂದ್ಸಲನಾದ್ರೂ ನೋಡಿದ್ಯಾ?”

ನೋಡಿರಲಿಲ್ಲ. ಬಿದ್ದ ಕೂಡಲೇ ನಾನು ಕಣ್ಣು ಕೆಳಗೆ ಹಾಕುತ್ತಿದ್ದೆ. ಈ ಸಲ ನೋಡಿದೆ. ಎಡಗಡೆ ಮಾಯವಾದ ನೀಲಿ ಸಿಪಾಯಿ, ಒಂದು ಕ್ಷಣ ಬಿಟ್ಟು, ಆಕಾಶದಿಂದ ಮಿಣುಕುತ್ತ ಇಳಿದು ಕೆಂಪು ಸಿಪಾಯಿಯ ಪಕ್ಕದಲ್ಲೇ ನಿಂತ. ಬಂದೂಕು ಕೈಯಲ್ಲೇ ಇತ್ತು.

“ಬಿದ್ಯಾ? ಇಳಿ. ಓಡು. ಅಷ್ಟೇ” ಎಂದರು ಮಿಸ್. “ತಪ್ಪಾದ್ರೆ ‘ಪಾಪ’ ಅನ್ನು, ಮುಂದೆ ಹೋಗು.”

ಪರೀಕ್ಷೆಯವರೆಗೆ ದಿನವೂ ಇದೇ. ಬೆಳಿಗ್ಗೆ ಚೆಲ್ಲಾಪಿಲ್ಲಿ ಗಂಟೆ, ಸಂಜೆ ನಿಲ್ಲದ ಪರದೆ. ರಾಯಚೂರಿನ ಹುಡುಗ ನನ್ನ ಪಕ್ಕದಲ್ಲಿ ಬೇಕೆಂದೇ ಜೋರಾಗಿ ಕುಟ್ಟಿ, ಪ್ರತಿ ಗಂಟೆಗೂ “ಕೇಳಿಸ್ತೇನ್ರೀ?” ಎಂದು ನನ್ನನ್ನು ಕಾಡಿಸುತ್ತಿದ್ದ. ಅದೂ ಮಿಸ್ ಹೇಳಿಕೊಟ್ಟಿದ್ದೇ ಎಂದು ಆಮೇಲೆ ಗೊತ್ತಾಯಿತು. ಆ ದಿನಗಳಲ್ಲಿ ಮಿಸ್ ಫ್ಲಾಸ್ಕಿನ ಕಾಫಿ ಹಾಗೇ ಆರಿಹೋಗುತ್ತಿತ್ತು.

ಎರಡನೆಯ ಪರೀಕ್ಷೆಯ ಹಾಲಿನಲ್ಲಿ ಶುರುವಾದ ಕೂಡಲೇ ಅಲ್ಲೊಂದು, ಇಲ್ಲೊಂದು ಗಂಟೆ ಹೊಡೆಯಿತು. ನನ್ನದು ಅರ್ಧ ಸಾಲು. ಒಂದು ಅಕ್ಷರ ತಪ್ಪಿತು. “ಪಾಪ” ಎಂದೆ. ಬಾಯಿಬಿಟ್ಟೇ ಎಂದಿರಬೇಕು, ಮೇಲ್ವಿಚಾರಣೆಗೆ ನಿಂತಿದ್ದ ಅಧಿಕಾರಿ ತಿರುಗಿ ನೋಡಿದರು. ಕೈ ನಿಲ್ಲಲಿಲ್ಲ. ಇನ್ನೊಂದು ಪುಟ್ಟ ತಪ್ಪು, ಇನ್ನೊಂದು ಪಾಪ. ಸುತ್ತಲಿನ ಗಂಟೆಗಳ ನಡುವೆ ನನ್ನ ಗಂಟೆಯೂ ಹೊಡೆಯಿತು. ಅದು ಎಷ್ಟನೆಯದೋ ನಾನು ಲೆಕ್ಕ ಇಡಲಿಲ್ಲ.

ಪಾಸಾದೆ. ಕೆಲಸ ಉಳಿಯಿತು, ಮನೆ ಉಳಿಯಿತು. ಫಲಿತಾಂಶ ಬಂದ ಸಂಜೆ ಅಮ್ಮನೂ ನಾನೂ ಕಮರ್ಷಿಯಲ್ ಸ್ಟ್ರೀಟಿನಿಂದ ಮಿಸ್‌ಗೊಂದು ಸೀರೆ, ಹಲಸೂರಿನಲ್ಲೇ ಒಂದಿಷ್ಟು ಮೈಸೂರುಪಾಕು ತೆಗೆದುಕೊಂಡು ಆ ಮೆಟ್ಟಿಲು ಹತ್ತಿದೆವು. ಮಿಸ್ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಸೀದಾ ಮೇಜಿಗೆ ಹೋಗಿ ಡ್ರಾಯರ್ ಎಳೆದು ಅಡಿಕೋಲು ಹೊರಗೆ ತೆಗೆದರು. ಆಮೇಲೆ ಟೀವಿಯ ಬಳಿ ಬಂದು ಎರಡನೆಯ ಭಾಗವನ್ನು ಕಿತ್ತು ಅದೇ ಡ್ರಾಯರಿಗೆ ಎಸೆದು ಮೊಣಕಾಲಿನಿಂದ ಮುಚ್ಚಿದರು.

“ಮೊದಲನೇದು ಹಾಕ್ತೀನಿ ಬಾ. ಇವತ್ತು ನಿಧಾನಕ್ಕೆ ಬಾ ಕಣ್ಣಾ. ಎಷ್ಟು ನಿಧಾನ ಬೇಕಾದ್ರೂ.”

ನಾನು ಬೇಕೆಂದೇ ಎಡ ಅಂಚಿನಲ್ಲಿ ನಿಂತೆ. ಅವರು ಬಲ ಅಂಚಿನಲ್ಲಿ ಕುಪ್ಪಳಿಸಿದರು. ಅಮ್ಮ ಮೈಸೂರುಪಾಕು ತಿನ್ನುತ್ತ, “ಏನಿದು, ಇಬ್ರೂ ಎಲ್ಲಿಗೂ ಹೋಗ್ತಾನೇ ಇಲ್ವಲ್ಲ?” ಎಂದಳು.

ಆಮೇಲಿನ ಬ್ಯಾಚುಗಳಿಗೆ ಮಿಸ್ ಎರಡೂ ಕಲಿಸಿದರು, ಹೆಚ್ಚು ದಿನ ತಾಳ, ಪರೀಕ್ಷೆ ಹತ್ತಿರ ಬಂದಾಗ ತಾಳವಿಲ್ಲದೆ. ತಾಳವಿಲ್ಲದ ದಿನಗಳಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರಂತೆ. ಕೆಲವು ವರ್ಷಗಳ ನಂತರ ನಿಜವಾದ ಕಂಪ್ಯೂಟರುಗಳು ಎಲ್ಲ ಕಡೆ ಬಂದು, ಟೈಪ್‌ರೈಟರ್ ಕಲಿಯುವವರು ಇಲ್ಲವಾದಾಗ, ಅವರು ಕಣ್ಣೀರು ಗಿಣ್ಣೀರು ಹಾಕದೆ ಇನ್‌ಸ್ಟಿಟ್ಯೂಟ್ ಮುಚ್ಚಿದರು. ಬೇರೆ ಕಡೆ ಹೊಸದಾಗಿ ಶುರುಮಾಡಿ ಎಂದವರಿಗೆ, “ಭಾಗ ಎರಡಾ? ಬೇಡಪ್ಪಾ” ಎಂದರು. ಯಂತ್ರಗಳನ್ನು ಬೇಕೆಂದವರಿಗೆ ಹಂಚಿ ಕೆ.ಆರ್. ಪುರದ ತಂಗಿಯ ಮನೆಗೆ ಹೋದರು. ಅಲ್ಲಿ ತುಳಸಿ, ಕರಿಬೇವು, ಎದುರು ಮನೆಯ ಬೆಕ್ಕು, ಸಂಜೆಯ ಕಾಫಿ ಇವುಗಳ ನಡುವೆ ಸುಖವಾಗಿದ್ದರು. ನಾನು ಹೋದಾಗಲೆಲ್ಲ ಉಪ್ಪಿಟ್ಟು ಮಾಡಿಸುತ್ತಿದ್ದರು, ಎರಡನೆಯ ಸೌಟು ನನಗೂ ಹಾಕಲು ಬಿಡುತ್ತಿರಲಿಲ್ಲ.

ಕೊನೆಯ ಸಲ ಹೋದಾಗ, ಹೊರಡುವ ಹೊತ್ತಿಗೆ, ಬಸ್ ಸ್ಟಾಪಿನವರೆಗೆ ಬರುತ್ತೇನೆಂದು ಹಟ ಹಿಡಿದು ಕೋಲು ಊರಿಕೊಂಡು ಹೊರಟರು. ಮಂಡಿ ನೋವು, ಒಂದೊಂದು ಹೆಜ್ಜೆಗೂ ಸಮಯ. ನನಗೆ ಆಫೀಸಿನ ಓಡಾಟದ ಅಭ್ಯಾಸ, ಮಾತಾಡುತ್ತ ಮಾತಾಡುತ್ತ ಮುಂದೆ ಹೋಗಿಬಿಟ್ಟಿದ್ದೆ. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದರೆ ಮಿಸ್ ಹಿಂದೆ, ಬಲು ಹಿಂದೆ, ಒಂದು ಕಾಂಪೌಂಡ್ ಗೋಡೆ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದರು. ಆಗಲೇ ನನ್ನ ಬಸ್ಸೂ ಸ್ಟಾಪಿಗೆ ಬಂತು. ಮಿಸ್ ಅಲ್ಲಿಂದಲೇ, “ಹೋಗು ಹೋಗು, ಬಸ್ ಬಂತು” ಎಂದು ಕೈ ಬೀಸಿದರು.

ನಾನು ಹೋಗಲಿಲ್ಲ. ಬ್ಯಾಗನ್ನು ಹೆಗಲಿಗೆ ಸರಿಯಾಗಿ ಏರಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು, ನಡುಬೀದಿಯಲ್ಲಿ ನಿಂತಲ್ಲೇ ಕುಪ್ಪಳಿಸಿದೆ. ತಳ್ಳುಗಾಡಿಯವನು ಬಾಯಿಬಿಟ್ಟು ನೋಡಿದ. ಬಸ್ಸು ಹೊರಟುಹೋಯಿತು. ಇನ್ನೊಮ್ಮೆ ಕುಪ್ಪಳಿಸಿದೆ.

ಮಿಸ್ ಗೋಡೆ ಬಿಟ್ಟು, ನಗುತ್ತ, ಕೋಲನ್ನು ಬಂದೂಕಿನ ಹಾಗೆ ಒಮ್ಮೆ ನನ್ನತ್ತ ಚಾಚಿ, “ಬಂದೆ ಇರು, ಬಂದೆ” ಎಂದರು.